ಕುರಿತೊಗಲಿನ ನೇಮಕ ಪತ್ರ

ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ, ಮೊದಲ ನೌಕರಿ ಸಿಂದಗಿಯಲ್ಲಿ, ಆಮೇಲೆ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. ನಿವೃತ್ತಿಯಾದ ಮೇಲೆ ಇಲ್ಲೇ ಮನೆ ಮಾಡಿಕೊಂಡೆ. ಯಾವ ಊರಿಗೆ ಹೋದರೂ ಒಂದು ಕೆಲಸ ಮಾತ್ರ ಬೆನ್ನು ಬಿಡಲಿಲ್ಲ. ಜನ ಇಂಗ್ಲಿಷಿನ ಕಾಗದ ತರುತ್ತಾರೆ, ನಾನು ಓದಿ ಹೇಳುತ್ತೇನೆ. ಆಸ್ಪತ್ರೆಯ ರಿಪೋರ್ಟು, ಕೋರ್ಟಿನ ನೋಟಿಸು, ಮಗನ ನೌಕರಿಯ ಆರ್ಡರು. ಆರ್ಡರು ಓದುವುದೆಂದರೆ ನನಗೆ ಹೆಚ್ಚು ಖುಷಿ. ಮೊದಲ ಸಾಲು ಮುಗಿಯುವ ಮೊದಲೇ ತಂದವರು ನನ್ನ ಮುಖ ನೋಡಿ ನಗಲು ಶುರು ಮಾಡಿರುತ್ತಾರೆ.

ನಾಲ್ಕು ವರ್ಷದ ಹಿಂದೆ, ಶ್ರಾವಣ ಮುಗಿಯುವ ಹೊತ್ತಿಗೆ, ಒಬ್ಬ ಹಿರಿಯರು ಸೊಸೆಯ ಜೊತೆ ನಮ್ಮ ಮನೆಗೆ ಬಂದರು. ಸೊಸೆ ನನ್ನ ಹತ್ತಿರ ಪಿಯುಸಿ ಓದಿದವಳು, ಈಗ ತಮ್ಮೂರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮಾವನಿಗೆ ಎಂಬತ್ತು ದಾಟಿರಬೇಕು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಎರಡೂ ಬಾಯಿಗೆ ಬಟ್ಟೆ ತುರುಕಿದ ಒಂದು ಬಿದಿರಿನ ಕೊಳವೆ. ಕುರಿ ಸಾಕಿ ಬದುಕಿದ ಮನೆತನ ಅವರದು. ಕೃಷ್ಣೆಯ ದಂಡೆಯಲ್ಲಿದ್ದ ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದಾಗ ಎತ್ತರದ ಹೊಸ ಊರಿಗೆ ಬಂದು ನೆಲೆಸಿದವರು.

"ಅಕ್ಕಾರ, ಮಾವಾರು ಒಂದು ಕಾಗದ ತಂದಾರ್ರಿ. ಇಲ್ಲೀತನಕ ಯಾರ ಕಡೆನೂ ಓದಿಸಿಲ್ಲ," ಎಂದಳು ಸೊಸೆ.

"ಕಾಗದ ಅಲ್ಲವಾ, ತೊಗಲು," ಎಂದು ಹಿರಿಯರು ತಿದ್ದಿದರು.

"ಇಷ್ಟು ದಿನ ಯಾಕ ಓದಿಸಲಿಲ್ಲ ಕಾಕಾ?" ಎಂದು ಕೇಳಿದೆ.

"ನಮ್ಮಪ್ಪ ಬ್ಯಾಡ ಅಂದಿದ್ದ. ಯಾರಿಗರೆ ತೋರಿಸಿದ್ರ ಇಟ್ಕೊಂಡ ಬಿಡ್ತಾರ, ಹೊಳ್ಳಿ ಬರೂದಿಲ್ಲ ಅಂತಿದ್ದ. ಇದು ನಮ್ಮ ಹುಲ್ಲುಗಾವಲಿನ ಸನದು, ಹಕ್ಕಿನ ಪತ್ರ ಅಂತ ಅವನ ನಂಬಿಕಿ. ಊರು ಮುಳುಗೂ ಮುಂದನೂ ಹೊರಗ ತಗೀಲಿಲ್ಲ. ಈಗ ಹುಲ್ಲುಗಾವಲನ ನೀರಾಗ ಹೋಗೈತಿ. ಇನ್ನ ಹೆದರಿಕಿ ಯಾತರದು? ಏನ್ ಬರದೈತಿ ಅಂತ ತಿಳಕೋಬೇಕಂತ ಬಂದೇನ್ರಿ."

ಕೊಳವೆಯಿಂದ ಅದನ್ನು ಹೊರಗೆ ಎಳೆದದ್ದು ಸೊಸೆ. ಊಟದ ಮೇಜಿನ ಮೇಲೆ ಹಾಸಿ, ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಇಟ್ಟೆವು. ಎರಡು ಗೇಣು ಅಗಲದ, ಹಳದಿ ಬಣ್ಣಕ್ಕೆ ತಿರುಗಿದ ಚರ್ಮ. ಮೇಲೆ ಕಂದು ಶಾಯಿಯ ಬಾಗಿದ ಇಂಗ್ಲಿಷ್ ಅಕ್ಷರ. ಕೆಳಗೆ ಒಂದು ಮೂಲೆಯಲ್ಲಿ ಒಡೆದುಹೋದ ಅರಗಿನ ಮುದ್ರೆ. ನಟ್ಟನಡುವೆ, ಅಂಗೈಯಷ್ಟು ಜಾಗದಲ್ಲಿ, ಕುಂಕುಮ. ತೆಳುವಾಗಿ ಹಚ್ಚಿದ್ದಲ್ಲ, ವರ್ಷ ವರ್ಷವೂ ಒಂದರ ಮೇಲೊಂದು ಹಚ್ಚಿ ಒಣಗಿ ಹಕ್ಕಳೆಯಂತಾಗಿತ್ತು. ದೀಪಾವಳಿ ಪಾಡ್ಯದ ದಿನ ಕುರಿಗಳನ್ನು ಪೂಜಿಸುವಾಗ ಇದನ್ನೂ ಪೂಜಿಸುತ್ತಿದ್ದರಂತೆ.

ನಾನು ಕನ್ನಡಕ ಹುಡುಕುತ್ತಿದ್ದಾಗ ಹಿರಿಯರು ತಮ್ಮ ಓದು ಶುರು ಮಾಡಿಯೇಬಿಟ್ಟರು. ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕಿದರು.

"ಕುರಿದ. ಆಡಿಂದಲ್ಲ. ಆದ್ರ ನಮ್ಮ ಕಡೆ ಕುರಿ ಅಲ್ರಿ ಇದು."

"ಅದ್ಹೆಂಗ ಹೇಳ್ತೀರಿ?"

"ತುಪ್ಪಟ ದಟ್ಟ ಇದ್ದ ಕುರಿದು ತೊಗಲು ಜಾಳಿರ್ತೈತಿ. ಎರಡು ಪದರ ಸೀಳತಾವ. ನೋಡ್ರಿಲ್ಲೆ, ಇದನ್ನ ಸೀಳ್ಯಾರ. ನಮ್ಮ ಕುರಿದು ಹಿಂಗ ಸೀಳಾಕ ಹೋದ್ರ ಹರೀತೈತಿ." ಒಂದು ಸಣ್ಣ ಕಲೆಯ ಮೇಲೆ ಉಗುರಿಟ್ಟರು. "ಇದು ಉಣ್ಣಿ ಕಡದದ್ದು. ಬಗಲ ಭಾಗ ಇದು. ಎರಡು ವರ್ಷದ ಕುರಿ ಇರಬೇಕು, ಮರಿ ಅಲ್ಲ."

ತುಪ್ಪಟವೆಂದರೆ ಕುರಿಯ ಕೂದಲು. ಜೀವಮಾನವಿಡೀ ಅದನ್ನು ಕತ್ತರಿಸಿದ ಬೆರಳುಗಳು ಅವು. ಯಾವ ದೇಶದ್ದೋ ಒಂದು ಕುರಿಯ ವಯಸ್ಸು ನನಗೆ ನನ್ನ ಊಟದ ಮೇಜಿನ ಮೇಲೆ ತಿಳಿಯಿತು. ಇನ್ನು ನನ್ನ ಸರದಿ.

ಬರಹ ಕಷ್ಟದ್ದೇ. ದೊಡ್ಡಕ್ಷರಗಳಿಗೆ ಬಾಲ, ಕೊಂಬು, ಬಳ್ಳಿ. ಹದಿನೈದು ನಿಮಿಷದ ಮೇಲೆ ಒಂದೊಂದೇ ಸಾಲು ಹಿಡಿತಕ್ಕೆ ಬಂತು. ಒಬ್ಬ ತರುಣನನ್ನು ಕಂಪನಿ ಸರಕಾರದ ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಆಗಿ ನೇಮಿಸಲಾಗಿದೆ. ಅವನು ಇಂಥ ಹಡಗಿಗೆ ಹೋಗಿ ಹಾಜರಾಗಬೇಕು. ಆ ಹಡಗಿನ ಕೆಳಗಿನವರೆಲ್ಲ ಅವನ ಮಾತು ಕೇಳಬೇಕು, ಅವನು ತನ್ನ ಮೇಲಿನವರ ಮಾತು ಕೇಳಬೇಕು. ತಪ್ಪಿದರೆ ಪರಿಣಾಮ ಅನುಭವಿಸಬೇಕು. ಹಡಗಿಗೆ ಒಂದು ನದಿಯ ಹೆಸರಿತ್ತು. ತಾರೀಖು ಅರ್ಧ ಅಳಿಸಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗ ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ತರುಣನ ಹೆಸರು ಇರಬೇಕಾದ ಜಾಗದಲ್ಲಿ ಕುಂಕುಮವಿತ್ತು.

"ಸನದು ಅಲ್ರಿ ಕಾಕಾ," ಎಂದೆ. "ಇದೊಂದು ನೌಕರಿ ಆರ್ಡರು. ಹಡಗಿನ ಮ್ಯಾಲಿನ ಅಧಿಕಾರಿದು."

ಸೊಸೆ ಮಾವನ ಕಡೆ ನೋಡಿದಳು. ಅವರಿಗೆ ಬೇಸರವಾಗಬಹುದೆಂದು ನನಗೂ ಅಳುಕಿತ್ತು. ಹಿರಿಯರು ಹೆಗಲು ಕುಣಿಯುವಂತೆ ನಕ್ಕರು.

"ಐದು ತಲಿಮಾರು ಆತು. ಯಾವನೋ ಒಬ್ಬನ ಆರ್ಡರಿಗೆ ಕಾಯಿ ಒಡಕೋತ ಬಂದೇವೇನ್ರಿ ನಾವು?" ನಗು ನಿಂತಿತು. ಮುಖದಲ್ಲಿ ಬೇರೆಯದೇ ಒಂದು ಬೆಳಕು ಬಂತು. "ಅಲ್ರಿ ಅಕ್ಕಾರ, ಹಡಗು ಅಂದ್ರ ಸಮುದ್ರದ್ದು. ಇಲ್ಲಿ ಸಮುದ್ರ ಎಲ್ಲೈತಿ? ಅವ ಯಾಕ ಬಂದ?"

ಅದೇ ಪ್ರಶ್ನೆ ನನ್ನ ತಲೆಯನ್ನೂ ಹೊಕ್ಕಿತ್ತು. ಚಹಾ ಮಾಡಿದೆ. ಚಹಾ ಕುಡಿಯುತ್ತ ಹಿರಿಯರು ತಮ್ಮ ಮನೆಯಲ್ಲಿ ನಡೆದುಬಂದ ಮಾತು ಹೇಳಿದರು.

ಅವರ ಮುತ್ಯಾನ ಆಯಿ, ಅಂದರೆ ಅಜ್ಜನ ಅಜ್ಜಿ, ಹೊಳೆಯ ದಂಡೆಯಲ್ಲಿ ಕುರಿ ತರುಬಿ ಹಟ್ಟಿ ಹಾಕಿದ್ದಳು. ಆಗ ಅವಳು ಹೊಸದಾಗಿ ಮದುವೆಯಾಗಿ ಬಂದವಳು. ಹೊಳೆ ಅಳೆಯಲು ಬಂದ ಒಬ್ಬ ಸಾಹೇಬ ಚಳಿಜ್ವರ ಬಂದು ಅವಳ ಹಟ್ಟಿಯ ಹತ್ತಿರವೇ ಬಿದ್ದ. ಜೊತೆಗಿದ್ದ ಆಳುಗಳು ಗಾಡಿ ತರುತ್ತೇವೆಂದು ಹೋದವರು ಎಂಟು ದಿನ ಬರಲಿಲ್ಲ. ಆಕೆ ಅವನಿಗೆ ಕಂಬಳಿ ಹೊದಿಸಿ, ಅಂಬಲಿ ಕುಡಿಸಿ, ಆಡಿನ ಹಾಲು ಕಾಯಿಸಿ ಕೊಟ್ಟು ಉಳಿಸಿಕೊಂಡಳು. ಅತ್ತೆ ಬೈದಳಂತೆ, ಪರಕೀಯನನ್ನು ಹಟ್ಟಿಗೆ ಸೇರಿಸಿದೆಯೆಂದು. "ಸಾಯೂ ಮಂದಿಗೆ ಜಾತಿ ಎಲ್ಲಿಂದು" ಎಂದು ಆಕೆ ತಿರುಗಿ ಅಂದಳಂತೆ. ಹೊರಡುವ ದಿನ ಸಾಹೇಬ ಈ ಕೊಳವೆಯನ್ನು ಅವಳ ಮುಂದಿಟ್ಟು, ಏನೇನೋ ಮಾತಾಡಿ, ಕಣ್ಣೀರು ತೆಗೆದು ಹೋದ.

"ಅವ ಏನಂದ ಅಂತ ಯಾರಿಗೂ ತಿಳೀಲಿಲ್ಲ," ಎಂದರು ಹಿರಿಯರು. "ಅಳಕೋತ ಕೊಟ್ಟಾನಂದ್ರ ಏನರೆ ದೊಡ್ಡದು ಕೊಟ್ಟಿರಬೇಕಂತ ತಿಳದ್ರು."

"ಹೊಳಿ ಹೆಂಗ ಅಳೀತಿದ್ದ ಅಂತ ಏನರೆ ಹೇಳ್ಯಾರೇನು?"

"ಹರಗೋಲಿನ್ಯಾಗ ನಿಂತು ಹಗ್ಗ ಬಿಡ್ತಿದ್ದನಂತ. ಹಗ್ಗಕ್ಕ ಅಲ್ಲಲ್ಲಿ ಅರಬಿ ಚೂರು ಕಟ್ಟಿತ್ತಂತ, ತುದಿಗೆ ಸೀಸದ ಗುಂಡು. ಪ್ರತಿ ಸಲ ಗುಂಡು ಮುಳುಗಿದಾಗೊಮ್ಮೆ ಹಾಡಿನಂಗ ಕೂಗತಿದ್ದನಂತ. ಮಂದಿ ನೋಡಾಕ ಬರ್ತಿತ್ತು."

ಸಮುದ್ರದ ಆಳ ನೋಡುವವರು ಹಾಗೇ ಮಾಡುತ್ತಿದ್ದರೆಂದು ಎಲ್ಲೋ ಓದಿದ್ದೆ. ಕತ್ತಲಲ್ಲೂ ಕೈಗೆ ತಿಳಿಯಲೆಂದು ಹಗ್ಗಕ್ಕೆ ಬಟ್ಟೆ, ತೊಗಲಿನ ಚೂರು ಕಟ್ಟುತ್ತಾರೆ. ಎಷ್ಟು ಆಳವೆಂದು ರಾಗವೆಳೆದು ಕೂಗುತ್ತಾರೆ. ಹಾಗಾದರೆ ಆ ಜ್ವರದ ಸಾಹೇಬ ನೌಕಾಪಡೆಯವನೇ.

ತೊಗಲನ್ನು ತಿರುಗಿಸಿದಾಗ ಇನ್ನೊಂದು ಸಂಗತಿ ಕಂಡಿತು. ಹಿಂಬದಿಯಲ್ಲಿ ಮಸುಕಾದ ಸೀಸಕಡ್ಡಿಯ ಗೆರೆಗಳು. ಒಂದು ಗುಡ್ಡ, ಗುಡ್ಡದ ಮೇಲೆ ಗುಡಿ, ಅಲ್ಲಿಂದ ಹೊಳೆಗೆ ಅಡ್ಡವಾಗಿ ಎಳೆದ ಒಂದು ಗೆರೆ, ಗೆರೆಯ ಕೆಳಗೆ ಅಂಕಿಗಳು. ಒಂದು, ಒಂದೂವರೆ, ಮೂರೂಕಾಲು, ನಾಲ್ಕು, ಎರಡು. ಹಿರಿಯರ ತಂದೆ ಆ ಅಂಕಿಗಳನ್ನು ಎಕರೆ ಎಂದು ತಿಳಿದಿದ್ದರಂತೆ.

ಹೊರಡುವಾಗ ಹಿರಿಯರು ಕೊಳವೆಯನ್ನು ನನ್ನಲ್ಲೇ ಬಿಟ್ಟರು. "ಮಹಾನವಮಿ ಅಮಾಸಿ ತನಕ ಇರಲಿ ನಿಮ್ಮಲ್ಲೆ. ಅವ ಯಾಕ ಬಂದ ಅಂತ ಹುಡುಕ್ರಿ," ಎಂದರು. ತಂದೆ ಯಾರಿಗೂ ತೋರಿಸದೆ ಕಾಪಾಡಿದ್ದನ್ನು ಮಗ ಒಂದು ಚಹಾ ಕುಡಿದು ನನ್ನ ಕೈಗೆ ಕೊಟ್ಟುಹೋದರು.

ನಾನು ಫೋಟೊ ತೆಗೆದು, ಹಳೆಯ ನೌಕಾ ದಾಖಲೆಗಳನ್ನು ಇಟ್ಟುಕೊಂಡ ಪರದೇಶದ ಒಂದು ಸಂಗ್ರಹಾಲಯಕ್ಕೆ ಇಮೇಲ್ ಬರೆದೆ. ಉತ್ತರ ಬರುತ್ತದೆಂಬ ಭರವಸೆ ಇರಲಿಲ್ಲ. ಹತ್ತು ದಿನಕ್ಕೆ ಬಂತು. ಬರೆದವಳು ಒಬ್ಬ ಹೆಣ್ಣುಮಗಳು, ತುಂಬ ಸಾವಧಾನದ ಭಾಷೆ. ಪತ್ರ ನಿಜವಾದದ್ದಿರಬಹುದು, ಕಂಪನಿಯ ಆ ನೌಕಾಪಡೆಯನ್ನು ಆಮೇಲೆ ಮುಚ್ಚಿಬಿಟ್ಟರು, ಅಲ್ಲಿದ್ದ ಎಷ್ಟೋ ತರುಣರು ಕೆಲಸ ಹೋಗಿ ಬೇರೆ ಬೇರೆ ಇಲಾಖೆ ಸೇರಿದರು, ಅಳತೆಯ ಕೆಲಸ ಬಲ್ಲವರನ್ನು ಒಳನಾಡಿನ ಹೊಳೆಗಳ ಮೇಲೂ ಕಳಿಸಿರಬಹುದು. ಇಷ್ಟು ಹೇಳಿ ಕೊನೆಗೆ ಬರೆದಿದ್ದಳು: ಹೆಸರು ಗೊತ್ತಾದರೆ ಹುಟ್ಟೂರು, ವಯಸ್ಸು, ಮುಂದೆ ಏನಾದ ಎಂಬುದನ್ನೆಲ್ಲ ಹುಡುಕಿ ಕೊಡಬಲ್ಲೆ. ಆ ಕೆಂಪು ಬಣ್ಣವನ್ನು ತಜ್ಞರು ತೆಗೆಯಬಹುದು.

ಅವನು ಕೊಳವೆ ಕೊಡುವಾಗ ಅತ್ತದ್ದೇಕೆ ಎಂದು ಅಂದು ನನಗೆ ಅರ್ಥವಾದಂತೆನಿಸಿತು. ಇಪ್ಪತ್ತರ ಆಸುಪಾಸಿನಲ್ಲಿ ಅಂಥ ಆರ್ಡರು ಕೈಗೆ ಬಂದಾಗ ಅವನೂ ನಕ್ಕಿರಬೇಕು. ಅದು ಕೆಲಸಕ್ಕೆ ಬಾರದ ತೊಗಲಾದ ಮೇಲೂ ಎಸೆಯಲು ಮನಸ್ಸಾಗದೆ ಹೊತ್ತು ತಿರುಗಿದ್ದಾನೆ.

ಸೊಸೆಗೆ ಫೋನ್ ಮಾಡಿ ಕುಂಕುಮದ ವಿಷಯ ಹೇಳಿದೆ. ಅವಳು ಅತ್ತೆಯನ್ನು ಕೇಳಿ ಸಂಜೆ ತಿರುಗಿ ಫೋನ್ ಮಾಡಿದಳು. "ಬ್ಯಾಡ ಅಂತಾರ್ರಿ ಅಕ್ಕಾರ. ಆ ಕುಂಕುಮ ಅವರ ಅತ್ತಿ ಹಚ್ಚಿದ್ದು, ಅದರ ಕೆಳಗಿಂದು ಆಕಿ ಅತ್ತಿ ಹಚ್ಚಿದ್ದು. ಅವನ ಹೆಸರು ತಿಳಕೊಂಡು ಮಾಡೂದೇನೈತಿ, ಇವರ ಕೈ ಅಳಿಸಿ ಹೋಗ್ತಾವಲ್ಲ ಅಂತಾರ."

ನಾನು ಒಪ್ಪಿದೆ. ಒಪ್ಪಿದ್ದು ಬಾಯಿ ಮಾತ್ರ. ಮೂರು ದಿನ ಆ ತೊಗಲಿನ ಸುತ್ತ ಸುಳಿದೆ. ಭೂತಗನ್ನಡಿ ಹಿಡಿದು ನೋಡಿದೆ, ಬಿಸಿಲಿಗೆ ಎತ್ತಿ ಹಿಡಿದು ನೋಡಿದೆ. ನಾಲ್ಕನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಹತ್ತಿಯ ಚೂರು ಒದ್ದೆ ಮಾಡಿ ಕುಂಕುಮದ ಅಂಚಿಗೆ ಒತ್ತಿದೆ. ಹತ್ತಿ ಕೆಂಪಾಯಿತು. ಇನ್ನೊಮ್ಮೆ ಒತ್ತಿದೆ. ಒಂದು ದೊಡ್ಡಕ್ಷರದ ಬಾಲ ಕಾಣಿಸಿತು, ಆಮೇಲೆ ಇಡೀ ಅಕ್ಷರ. ಅಷ್ಟರಲ್ಲಿ ಅಕ್ಷರದ ಕಂದು ಶಾಯಿಯೂ ಹತ್ತಿಗೆ ಬರತೊಡಗಿದ್ದು ಕಂಡು ಕೈ ಎಳೆದುಕೊಂಡೆ. ಬಿಟ್ಟುಬಿಟ್ಟೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಮೂವತ್ತೆರಡು ವರ್ಷ ಹಿಡಿದವಳು ಹತ್ತಿಯ ಚೂರನ್ನು ಹಿತ್ತಲ ತುಳಸಿಗಿಡದ ಮಣ್ಣಿನಲ್ಲಿ ಹುಗಿದೆ.

ಅಂಕಿಗಳ ಗಂಟು ಬಿಡಿಸಿದ್ದು ನನ್ನ ಹಳೆಯ ವಿದ್ಯಾರ್ಥಿನಿ. ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಎಂಜಿನಿಯರ್ ಆಗಿದ್ದಾಳೆ. ಫೋಟೊ ನೋಡಿ ಎರಡು ನಿಮಿಷವೂ ಬೇಕಾಗಲಿಲ್ಲ.

"ಮೇಡಂ, ಇದು ಹೊಳಿ ಕ್ರಾಸ್ ಸೆಕ್ಷನ್. ಈ ದಂಡಿಯಿಂದ ಆ ದಂಡಿಗೆ ಎಲ್ಲೆಲ್ಲಿ ಎಷ್ಟು ಆಳ ಅಂತ. ಹಡಗಿನವನ ಅಂಕಿ ಅಂದ್ರ ಫ್ಯಾದಮ್ ಲೆಕ್ಕದಾಗ ಇರ್ತಾವ."

"ಫ್ಯಾದಮ್ ಅಂದ್ರ ಆರು ಅಡಿ ಅಲ್ಲೇನು?"

"ಹೌದ್ರಿ. ಎರಡೂ ಕೈ ಚಾಚಿದಷ್ಟು. ನಮ್ಮ ಮಾರು."

ಬಾವಿಯ ಹಗ್ಗವನ್ನು ಇವತ್ತಿಗೂ ಹಳ್ಳಿಯಲ್ಲಿ ಮಾರಿನ ಲೆಕ್ಕದಲ್ಲೇ ಹೇಳುತ್ತಾರೆ. ಸಾಹೇಬನ ಅಳತೆಯೂ ಹಿರಿಯರ ಅಳತೆಯೂ ಒಂದೇ ಆಯಿತು. ಫೋನಿನಲ್ಲಿ ಈ ಮಾತು ಹೇಳಿದಾಗ ಹಿರಿಯರು ತಡಮಾಡದೆ ಕೇಳಿದರು: "ಹಂಗಾರ ಈಗ ಅಲ್ಲೆ ಎಷ್ಟು ಮಾರು ಐತಿ, ನೋಡೂಣೇನ್ರಿ?"

ದಸರೆಯ ಮುಂಚೆ ಒಂದು ದಿನ ಬೆಳಿಗ್ಗೆ ಹೋದೆವು. ಹಿರಿಯರು, ಸೊಸೆ, ಎಂಜಿನಿಯರ್ ಹುಡುಗಿ, ನಾನು. ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬ ತನ್ನ ದೋಣಿ ತಂದಿದ್ದ. ಹಿರಿಯರು ಮನೆಯಿಂದ ಹಗ್ಗ ತಂದಿದ್ದರು. ತುದಿಗೆ ಒರಳಿನ ಗುಂಡು ಕಟ್ಟಿದ್ದರು. ದೋಣಿ ಹತ್ತುವ ಮೊದಲು ದಂಡೆಯಲ್ಲಿ ನಿಂತು ಎರಡೂ ಕೈ ಚಾಚಿ ಎದೆಗೆ ಹಗ್ಗ ತಾಗಿಸಿ ಒಂದು, ಎರಡು, ಮೂರು ಎಂದು ಅಳೆದರು. ಪ್ರತಿ ಮಾರಿಗೂ ಸೊಸೆ ಹಳೆಯ ಸೀರೆಯ ಚೂರು ಕಟ್ಟಿದಳು.

ಗುಡ್ಡ ಇನ್ನೂ ಇತ್ತು, ಗುಡಿಯೂ ಇತ್ತು. ಉಳಿದದ್ದೆಲ್ಲ ನೀರು. ಹಿರಿಯರು ದೋಣಿಯ ತುದಿಯಲ್ಲಿ ಕೂತು ಗುಡಿಯನ್ನೇ ನೋಡುತ್ತ ದಾರಿ ಹೇಳಿದರು. "ಎಡಕ್ಕ ಹೊಡಿ. ಇನ್ನೊಂದೀಟು. ಇದ ನೋಡ್ರಿ, ಇಲ್ಲಿ ನಮ್ಮ ಹಟ್ಟಿ ಇತ್ತು." ನಾನು ಬಗ್ಗಿ ನೋಡಿದೆ. ಹಸಿರು ನೀರಿನಲ್ಲಿ ನನ್ನ ಮುಖವೇ ಕಂಡಿತು.

ಹಳೆಯ ಹೊಳೆಯ ನಡುಭಾಗವೆಂದು ಅವರು ತೋರಿಸಿದ ಕಡೆ ಮೀನುಗಾರ ದೋಣಿ ನಿಲ್ಲಿಸಿದ. ಗುಂಡು ಇಳಿಯಿತು. ಸೀರೆಯ ಚೂರುಗಳು ಒಂದೊಂದಾಗಿ ನೀರಿಗೆ ಹೋದವು. ನಾಲ್ಕನೆಯದು ಹೋದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸಾಹೇಬನ ತಳ ಅದು. ಹಗ್ಗ ಇನ್ನೂ ಇಳಿಯುತ್ತಲೇ ಇತ್ತು. ಹತ್ತನೆಯ ಚೂರು ಮುಳುಗಿ ಸ್ವಲ್ಪ ಹೊತ್ತಿಗೆ ಸಡಿಲಾಯಿತು.

"ಹತ್ತೂವರಿ!" ಎಂದು ಹಿರಿಯರು ಕೂಗಿದರು. ಹಾಡಿನಂತಿರಲಿಲ್ಲ, ಕುರಿ ಕರೆಯುವ ದನಿ. ದೂರದಲ್ಲಿದ್ದ ಇನ್ನೊಂದು ದೋಣಿಯವರು ತಿರುಗಿ ನೋಡಿದರು. ಜಾಗ ಸರಿಯಾಗಿ ಅದೇ ಎಂದು ಹೇಳಲಾಗದು, ತಳದಲ್ಲಿ ಹೂಳು ಬೇರೆ ತುಂಬಿರುತ್ತದೆ ಎಂದು ಎಂಜಿನಿಯರ್ ಹುಡುಗಿ ಮೆಲ್ಲಗೆ ಹೇಳಿದಳು. ಆದರೂ ತನ್ನ ಡೈರಿಯಲ್ಲಿ ಬರೆದುಕೊಂಡಳು.

ತಿರುಗಿ ಬರುವಾಗ ನನಗೆ ತಡೆಯಲಾಗಲಿಲ್ಲ. "ಕಾಕಾ, ಒಂದು ತಪ್ಪು ಮಾಡೇನಿ," ಎಂದೆ. ಹತ್ತಿಯ ವಿಷಯ, ಅಕ್ಷರದ ವಿಷಯ, ಎಲ್ಲ ಹೇಳಿದೆ.

ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. "ನನಗ ಗೊತ್ತೈತ್ರಿ. ಅಮಾಸಿ ದಿನ ಕೊಳವಿ ತಂದು ಕೊಟ್ರಲ್ಲ, ನಮ್ಮಾಕಿ ಆವತ್ತ ನೋಡ್ಯಾಳ. ಅಂಚು ಕರಗೈತಿ ಅಂದ್ಲು."

"ಮತ್ತ ಯಾಕ ಕೇಳಲಿಲ್ಲ?"

"ಓದೂ ಮಂದಿ ಕೈ ಸುಮ್ಮ ಇರ್ತೈತೇನ್ರಿ? ನಾ ಹೊಸ ಕುರಿ ಕಂಡ್ರ ಬಾಯಿ ತಗಸಿ ಹಲ್ಲು ನೋಡಾಂವ." ಆಮೇಲೆ ದನಿ ಸ್ವಲ್ಪ ಗಟ್ಟಿಯಾಯಿತು. "ಆದ್ರ ಇನ್ನ ಮುಟ್ಟಬ್ಯಾಡ್ರಿ."

ಮುಟ್ಟಲಿಲ್ಲ. ಪರದೇಶದ ಆ ಹೆಣ್ಣುಮಗಳಿಗೆ, ಹೆಸರು ಸಿಗುವುದಿಲ್ಲ, ಕ್ಷಮಿಸಿ ಎಂದು ಬರೆದೆ. ಸಿಕ್ಕ ಒಂದು ಅಕ್ಷರವನ್ನು ಅವಳಿಗೂ ಹೇಳಲಿಲ್ಲ. ಇಲ್ಲಿಯೂ ಹೇಳುವುದಿಲ್ಲ. ಅವಳು ಉತ್ತರದಲ್ಲಿ ಆ ಕೆಂಪು ಬಣ್ಣ ಏನೆಂದು ಕೇಳಿದಳು. ಅದನ್ನು ವಿವರಿಸಲು ನನಗೆ ಒಂದೂವರೆ ಪುಟ ಹಿಡಿಯಿತು.

ಆ ವರ್ಷದ ಪಾಡ್ಯಕ್ಕೆ ಹಿರಿಯರು ನನ್ನನ್ನು ಕರೆದರು. ಪತ್ರವನ್ನು ಕನ್ನಡದಲ್ಲಿ ಬರೆದುಕೊಂಡು ಬಂದು ಪೂಜೆಯ ಮುಂದೆ ಓದಬೇಕೆಂದರು. ಹೋದೆ. ಕುರಿಗಳ ಕೊರಳಿಗೆ ಚೆಂಡು ಹೂವಿನ ಸರ, ಕೊಂಬಿಗೆ ಬಣ್ಣ. ಮಣೆಯ ಮೇಲೆ ತೊಗಲು ಹಾಸಿತ್ತು. ನಾನು ಒರೆಸಿದ್ದ ಜಾಗಕ್ಕೆ ಹಿರಿಯರ ಹೆಂಡತಿ ಆಗಷ್ಟೇ ಹೊಸ ಕುಂಕುಮ ಹಚ್ಚಿದ್ದರು. ಮಕ್ಕಳು ಮರಿ ಸೇರಿ ಮೂವತ್ತು ಮಂದಿ ಕೂತಿದ್ದರು. ಓದಿದೆ: ನಿನ್ನನ್ನು ಈ ಮೂಲಕ ಲೆಫ್ಟಿನೆಂಟನಾಗಿ ನೇಮಿಸಿದೆ, ತಡಮಾಡದೆ ಹಡಗಿಗೆ ಹೋಗು, ಹೇಳಿದ್ದನ್ನು ತಪ್ಪದೆ ಮಾಡು. ಹೆಸರು ಬರುವ ಕಡೆ ಒಂದು ಉಸಿರಿನಷ್ಟು ನಿಂತು ಮುಂದೆ ಹೋದೆ. ಅವರೆಲ್ಲ ತಮ್ಮ ಮನೆಯ ಹುಡುಗನದೇ ಆರ್ಡರೆಂಬಂತೆ ಕೇಳಿದರು.

ಓದು ಮುಗಿದಾಗ ಹಿರಿಯರ ಹೆಂಡತಿ ಸೆರಗು ಸರಿಮಾಡಿಕೊಂಡು ಕೇಳಿದರು.

"ಅಕ್ಕಾರ, ಅವ ಇಲ್ಲಿ ಎಂಟು ದಿನ ಜಡ್ಡ ಬಿದ್ದಿದ್ದು ಅವರವ್ವಗ ಗೊತ್ತಾಗಿತ್ತೇನ್ರಿ?"

"ಗೊತ್ತಿಲ್ಲವ್ವ," ಎಂದೆ. "ಪತ್ರ ಬರದು ತಿಳಿಸಿರಬಹುದು, ತಿಳಿಸದೆ ಇರಬಹುದು."

"ಬರದ ಹಾಕಿರ್ತಾನ," ಎಂದರು ಅವರು. "ಅಂಬಲಿ ಕುಡದೇನಿ ಅಂತ ಬರದಿರ್ತಾನ. ಅಂಬಲಿ ಅಂದ್ರೇನಂತ ಆಕಿಗೆ ತಿಳದಿರಾಕಿಲ್ಲ, ಪಾಪ." ಇಷ್ಟು ಹೇಳಿ ಕಾಯಿ ಒಡೆಯಲು ಎದ್ದರು.